ಟಾರ್ಚಿನವನು ಓದದ ಅಕ್ಷರಗಳು

ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವುದರಲ್ಲೇ ಅವನ ಹರೆಯ ಕಳೆದು ಮುಪ್ಪು ಬಂದಿತ್ತು. ಬಾಹ್ಯಾಕಾಶದ ಸಿನಿಮಾ ಬಂತೆಂದರೆ ಅವನ ಪಿತ್ತ ನೆತ್ತಿಗೇರುತ್ತಿತ್ತು. ಕಥೆಯ ಹಿನ್ನೆಲೆ ಹೇಳುವ ಅಕ್ಷರಗಳು ತೆರೆಯ ಮೇಲೆ ಏರತೊಡಗಿದಾಗಲೇ ತಡವಾದವರೆಲ್ಲ ನುಗ್ಗುತ್ತಿದ್ದರು. ಒಮ್ಮೆಯಾದರೂ ಪೂರ್ತಿ ಓದಲು ಬಿಟ್ಟರೇ, ಹಾಳಾದವರು!

ನಿವೃತ್ತಿಯ ದಿನ ಮಾಲೀಕರೇ ಅವನನ್ನು ಒಳ್ಳೆಯ ಸೀಟಿನಲ್ಲಿ ಕೂರಿಸಿದರು. ಅಕ್ಷರಗಳು ಏರಿದವು. ಅವನು ಎರಡನೇ ಸಾಲಿಗೆ ಬರುವಷ್ಟರಲ್ಲಿ ಯಾರೋ ಭುಜ ತಟ್ಟಿದರು. ನೋಡಿದರೆ ಅದೇ ಮಾಲೀಕರು.

"ನಮ್ಮ ಬೀಗರು ಈಗ ಬಂದ್ರು. ಸ್ವಲ್ಪ ಸೀಟು ತೋರಿಸಪ್ಪ," ಎಂದು ಟಾರ್ಚನ್ನು ಕೈಗಿಟ್ಟರು.

ಅವನು ಅದರ ಬೆಳಕನ್ನು ಅವರ ಮುಖಕ್ಕೇ ಬಿಟ್ಟ. "ಓದ್ತಾ ಇದೀನಿ, ಕಾಣಲ್ವಾ? ನೀವೂ ನೆಲದ ಮೇಲೆ ಕೂತ್ಕೊಳ್ಳಿ, ನಿಮ್ಮ ಬೀಗರನ್ನೂ ಕೂರಿಸ್ಕೊಳ್ಳಿ!"

ಬೈದು ಮುಗಿಸಿ ತಿರುಗಿದರೆ, ತೆರೆಯ ಮೇಲೆ ಬರೀ ನಕ್ಷತ್ರಗಳು.