ಖಾಲಾ ಹಾಕಿದ ತಾರೀಖು

ರೇಷ್ಮೆಗೂಡು ಬೇಯುವ ನೀರಿಗೆ ವರ್ಷಗಟ್ಟಲೆ ಕೈ ಹಾಕಿ ಖಾಲಾರ ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿದ್ದವು. ಭಟ್ಟಿಯಿಂದ ಇಳಿಸಿದ ತಟ್ಟೆಯನ್ನು ಬಟ್ಟೆಯಿಲ್ಲದೆಯೇ ಹಿಡಿಯುತ್ತಿದ್ದರು. ರಾಮನಗರದಲ್ಲಿ ನಮ್ಮ ಮನೆಗೆ ಗೋಡೆ ಅಂಟಿಕೊಂಡ ಮನೆ ಅವರದು. ಅವರ ತಂಗಿಯ ಮಕ್ಕಳು ದೊಡ್ಡಮ್ಮನನ್ನು ಖಾಲಾ ಎಂದು ಕರೆಯುವುದನ್ನು ಕೇಳಿ ನಾನೂ ಹಾಗೇ ಎನ್ನುತ್ತಿದ್ದೆ.

ಗಂಡ ತೀರಿಕೊಂಡ ಮೇಲೆ ಖಾಲಾ ನೂಲು ತೆಗೆಯುವುದನ್ನು ಬಿಟ್ಟು ನಾನ್‌ಖಟಾಯಿ ಬಿಸ್ಕತ್ತು ಮಾಡಿ ಮಾರತೊಡಗಿದರು. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ. ಗೇಟಿನೆದುರಿನ ಟೀ ಅಂಗಡಿಗಳಿಗೆ ಅವರ ಪ್ಯಾಕೆಟ್ ಹೋಗುತ್ತಿತ್ತು. ಒಮ್ಮೆ ಆಹಾರ ತಪಾಸಣೆಯವರು ಮನೆಗೇ ಬಂದು, ತಯಾರಿಸಿದ ತಾರೀಖನ್ನೂ ಎಷ್ಟು ಕಾಲದೊಳಗೆ ತಿಂದರೆ ಚೆನ್ನ ಎಂಬುದನ್ನೂ ಅಚ್ಚು ಹಾಕಿಸಲೇಬೇಕು ಎಂದರು.

"ಎಷ್ಟು ದಿನ ಅಂತ ಹಾಕ್ಲಿ ಸಾರ್?"

"ಮಾಡೋರು ನೀವು. ನೀವೇ ಹೇಳ್ಬೇಕಮ್ಮ."

ಖಾಲಾ ಒಂದೇ ದಿನ ಮಾಡಿದ ಪ್ಯಾಕೆಟ್‌ಗಳನ್ನು ತಗಡಿನ ಸೂರಿನ ಕೋಣೆಯಲ್ಲಿಟ್ಟರು. ಅಂಗಡಿಯ ಸೆಕೆ ಅಲ್ಲೂ ಇರಲಿ ಎಂದು. ವಾರಕ್ಕೊಂದನ್ನು ಒಡೆದು ನೋಡುವುದು. ಅವರಿಗೆ ಸಕ್ಕರೆ ಕಾಯಿಲೆ, ಹಾಗಾಗಿ ತಿನ್ನುವ ಕೆಲಸ ನನ್ನದಾಯಿತು. ಪಿಯುಸಿ ಫೇಲಾಗಿ ಮನೆಯಲ್ಲಿ ಬೈಸಿಕೊಂಡು ಕೂತಿದ್ದವಳು ನಾನು. ಆಗ ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಖಾಲಾ ಮಾತ್ರ ನಾನು ಅಗಿಯುವಾಗ ಮುಖವನ್ನೇ ನೋಡುತ್ತಿದ್ದರು.

"ನಿಧಾನಕ್ಕೆ ತಿನ್ನು ಬೇಟಿ. ಮುಲಾಜು ಬೇಡ."

ಆರನೇ ವಾರ ಬಿಸ್ಕತ್ತಿನ ಡಾಲ್ಡಾ ಕಮಟು ಹೊಡೆಯಿತು. ಖಾಲಾ 'ಒಂದು ತಿಂಗಳು' ಎಂದು ಅಚ್ಚು ಹಾಕಿಸಿದರು.

ಮರುವರ್ಷ ಒಂದು ಫ್ಯಾಕ್ಟರಿಯಲ್ಲಿ ಜಗಳವಾಗಿ ಗೇಟು ಮುಚ್ಚಿತು. ಅದರೆದುರಿನ ಅಂಗಡಿಯವನೇ ಖಾಲಾರಿಂದ ಎಲ್ಲರಿಗಿಂತ ಹೆಚ್ಚು ಮಾಲು ಕೊಳ್ಳುತ್ತಿದ್ದವನು. ಗಡುವು ದಾಟಿದ ಪ್ಯಾಕೆಟ್‌ಗಳ ಮೂಟೆ ಹೊತ್ತು ಬಂದ.

"ಮ್ಯಾಲೊಂದು ಹೊಸ ಚೀಟಿ ಅಂಟ್ಸಿ ಕೊಟ್ಬುಡಮ್ಮ. ತಿಂದ್ರೆ ಯಾರೂ ಸಾಯಕಿಲ್ಲ."

"ಸಾಯಕಿಲ್ಲ ಕಣಪ್ಪ, ನಂಗೂ ಗೊತ್ತೈತೆ. ಅದು ವಿಷ ಆಗೋ ತಾರೀಖಲ್ಲ, ರುಚಿ ಇಳಿಯೋ ತಾರೀಖು. ಆದ್ರೆ ಅಲ್ಲೀಗಂಟ ಚೆನ್ನಾಗಿರ್ತದೆ ಅಂತ ಹೇಳಿರೋಳು ನಾನು. ಆಮೇಲಿಂದಕ್ಕೆ ಏನಂತ ಹೇಳ್ಲಿ?"

"ಹಂಗಾದ್ರೆ ಬ್ಯಾರೆ ಕಡೆ ತಕ್ಕತೀನಿ."

"ತಕ್ಕೋ."

ಅವನು ಮತ್ತೆ ಬರಲಿಲ್ಲ. ಬಿಸ್ಕತ್ತನ್ನೆಲ್ಲ ಪುಡಿ ಮಾಡಿ ಎದುರುಮನೆಯ ಹಸುಗಳಿಗೆ ಹಾಕಿದೆವು. ವ್ಯಾಪಾರ ಅರ್ಧಕ್ಕಿಳಿದು, ಖಾಲಾ ಬೆಳಗಿನ ಹೊತ್ತು ಪಕ್ಕದ ಬೀದಿಗೆ ಮತ್ತೆ ನೂಲು ತೆಗೆಯುವ ಕೂಲಿಗೆ ಹೋದರು.

ಬಿಡದಿಯ ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕೆ ಹುಡುಗಿಯರು ಬೇಕಂತೆ ಎಂಬ ಸುದ್ದಿ ತಂದವರೂ ಅವರೇ. ಅವ್ವ ಹಿಂದೆಮುಂದೆ ನೋಡಿದಾಗ ತಾವೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋದರು. ಒಳಗೆ ಕಾರ್ಖಾನೆಯವರು ಮೂರು ತಟ್ಟೆ ಬಿಸ್ಕತ್ತು ಇಟ್ಟು ಹಳತು ಯಾವುದೆಂದು ಕೇಳಿದರು. ಹೇಳಿದೆ. ಕೆಲಸವಾಯಿತು.

ಕೆಲವು ವರ್ಷಗಳಲ್ಲಿ ಕಾಯಿಲೆ ಕಾಲಿಗಿಳಿದು ಖಾಲಾ ತೀರಿಕೊಂಡರು. ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಹಿಂದಿರುಗುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಮ್ಮ ಮನೆಯಿಂದಲೇ ಅನ್ನ, ಸಾರು ಹೊತ್ತು ಹೋದೆ. ಬಡಿಸುತ್ತಿದ್ದಾಗ ಚನ್ನಪಟ್ಟಣದ ನೆಂಟರೊಬ್ಬರು ಈ ಹುಡುಗಿ ಯಾರೆಂದು ಕೇಳಿದರು.

"ನಮ್ಮ ಅಕ್ಕನ ಹುಡುಗಿ," ಎಂದರು ಖಾಲಾರ ತಂಗಿ. "ಫ್ಯಾಕ್ಟರಿಯಾಗೆ ಕೆಲ್ಸಕ್ಕವ್ಳೆ. ಇವಳು ಸರಿ ಅಂದ್ರೇನೇ ಬಿಸ್ಕತ್ತು ಗೇಟು ದಾಟೋದು."

ಖಾಲಾ ಬೀದಿಯಲ್ಲೆಲ್ಲ ಹಾಗೇ ಹೇಳಿಕೊಂಡು ಬಂದಿದ್ದರಂತೆ.