ಒಂದು ಬಾಗಿಲು, ಎರಡು ಕದ

1990ರಲ್ಲಿ ನಾನು ಹಳೆಯ ಕಟ್ಟಡಗಳ ಸಂರಕ್ಷಣಾ ವಿಭಾಗದ ಸಹಾಯಕ ಎಂಜಿನಿಯರನಾಗಿ ಚಿಕ್ಕೋಡಿಯಲ್ಲಿದ್ದೆ. ನಿಪ್ಪಾಣಿಯ ಒಂದು ವಾಡೆ, ಹಳೆಯ ದೊಡ್ಡ ಮನೆ, ನನ್ನ ಪಾಲಿಗೆ ಬಂದಿತ್ತು. ಹದಿನೆಂಟನೆಯ ಶತಮಾನದ್ದು. ಬೀದಿಗೆ ಕಾಣುವ ಮುಂಭಾಗವಷ್ಟೇ ಸಂರಕ್ಷಿತ: ಕಲ್ಲಿನ ಕಟ್ಟೆ, ಸಾಗವಾನಿಯ ಕೆತ್ತನೆ ಚೌಕಟ್ಟು, ಎರಡು ಕದದ ದೊಡ್ಡ ಬಾಗಿಲು. ಅಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ನಮ್ಮ ಅಪ್ಪಣೆ ಬೇಕು. ಅದರ ಹಿಂದಿನ ಮನೆ ಬಿದ್ದುಹೋದರೂ ನಾವು ಕೇಳುವಂತಿರಲಿಲ್ಲ.

ಒಳಗಿದ್ದ ಬಾಳಪ್ಪ, ರಾಯಪ್ಪ ಎಂಬ ಅಣ್ಣತಮ್ಮಂದಿರು ಕಬ್ಬಿನ ಹೊಲದ ಪಾಲಿನ ಜಗಳದಲ್ಲಿ ಮಾತು ಬಿಟ್ಟಿದ್ದರು. ತನಗೆ ಬೇರೆ ಬಾಗಿಲು ಒಡೆಯಲು ಬಿಡಿ ಎಂದು ತಮ್ಮ ರಾಯಪ್ಪ ಕಚೇರಿಗೆ ಬಂದ. ನಿಯಮ ಹೇಳಿ ಸಾಗಹಾಕಿದೆ. ಮರುವರ್ಷ ತಪಾಸಣೆಗೆ ಹೋದರೆ, ಆಸಾಮಿ ಹೊಸ್ತಿಲ ಒಳಗಿನಿಂದ ಬಾಗಿಲ ನಟ್ಟನಡುವೆ ಇಟ್ಟಿಗೆ ಗೋಡೆ ಎಬ್ಬಿಸಿದ್ದ! ಎಡಗದ ಅಣ್ಣನಿಗೆ, ಬಲಗದ ತಮ್ಮನಿಗೆ. ಹೊರಗೆ ಒಂದು ಗೀರೂ ಬಿದ್ದಿರಲಿಲ್ಲ. ಏನು ಮಾಡಲಿ? ‘ಮುಂಭಾಗ ಸುಸ್ಥಿತಿಯಲ್ಲಿದೆ’ ಎಂದು ವರದಿ ಬರೆದು ಬಸ್ಸು ಹಿಡಿದೆ.

1994ರಲ್ಲಿ ಬಾಳಪ್ಪ ತೀರಿಕೊಂಡ. ಬಾಗಿಲು ಕೀಳುತ್ತಿದ್ದಾರೆ ಎಂದು ಯಾರೋ ಫೋನು ಮಾಡಿದರು. ಜೀಪು ಹತ್ತಿ ಓಡಿದೆ. ಅವರಲ್ಲಿ ಹೆಣವನ್ನು ಪದ್ಮಾಸನದಲ್ಲಿ ಕೂರಿಸಿಯೇ ಒಯ್ಯುವ ಪದ್ಧತಿ. ಅರ್ಧ ಬಾಗಿಲಲ್ಲಿ ಅದು ಹಾಯುತ್ತಿರಲಿಲ್ಲ. ಚಿಕ್ಕಪ್ಪನ ಗೋಡೆ ಒಡೆಯಲೇ ಎಂದು ಕೇಳಲು ಬಾಳಪ್ಪನ ಮಗನಿಗೆ ಬಾಯಿಲ್ಲ. ಕೆತ್ತನೆಯ ಚೌಕಟ್ಟಿಗೇ ಹಾರೆ ಹಚ್ಚಿದ್ದ. ಅಡ್ಡ ನಿಂತೆ.

“ಹೆಣಾ ಒಳಗ ಇಟಗೊಂಡು ನಿಮ್ಮ ಕಟಗಿ ಕಾಯೂಣೇನ್ರಿ ಸಾಹೇಬ್ರ?” ಅಂದ.

ಈ ನೌಕರಿಯೇ ಸಾಕಪ್ಪ ಅನ್ನಿಸಿತು.

ಆಗ ಬಲಗದ ತೆರೆಯಿತು. ರಾಯಪ್ಪ ಹೊರಗೆ ಬಂದು ಅಣ್ಣನ ಮಗನ ಕೈಯಿಂದ ಹಾರೆ ತೆಗೆದುಕೊಂಡ.

“ಚೌಕಟ್ಟ ಬಿಡೋ ತಮ್ಮಾ, ಅದು ಮುತ್ಯಾಂದು. ಗ್ವಾಡಿ ನಂದೈತಿ.”

ಗೋಡೆಯನ್ನು ತಾನೊಬ್ಬನೇ ಒಡೆದ. ಯಾರನ್ನೂ ಹತ್ತಿರ ಬಿಡಲಿಲ್ಲ. ಎರಡೂ ಕದ ಪೂರ್ತಿ ತೆರೆದವು. ಅಣ್ಣನನ್ನು ಹೊತ್ತವರಲ್ಲಿ ತಮ್ಮನೇ ಮುಂದಿದ್ದ.

ಆ ವರ್ಷವೂ ನಾನು ಅದೇ ಸಾಲು ಬರೆದೆ. ನಿವೃತ್ತಿಯ ತನಕ ಅಂಥ ಸಾಲು ಬರೆದೂ ಬರೆದೂ ಕೈ ಸೋತಿತು. ಕಡತದ ಪ್ರಕಾರ ಆ ಬಾಗಿಲನ್ನು ಉಳಿಸಿದ್ದು ನಮ್ಮ ಇಲಾಖೆ. ಹಳೆಯ ಮನೆಯನ್ನು ಕಾಯುವವರು ಅದರ ಒಳಗಿರುತ್ತಾರೆ ಎಂದು ನನಗೆ ಕಲಿಸಿದ್ದು ಆ ದಿನ. ರಾಯಪ್ಪನಿಗೆ ಅಣ್ಣ ಬೇಕಾಗಿದ್ದ, ಅದಕ್ಕೇ ಬಾಗಿಲು ಉಳಿಯಿತು. ಅಣ್ಣ ಉಳಿದಿರಲಿಲ್ಲ.