ಅಂಕಿಗಳಿಗೆ ಬಣ್ಣ ಬಂದ ದಿನ

ನಮ್ಮ ದೊಡ್ಡಮ್ಮ ಬಿತ್ತನೆ ಆಲೂಗಡ್ಡೆಯ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಚಳಿ ಅಳೆಯುತ್ತಿದ್ದಾಳೆ. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಇಪ್ಪತ್ತು ಸಾಲು, ಸಾಲಿಗೆ ಹನ್ನೆರಡು ಜಾಗ. ಎರಡು ಸ್ವೆಟರ್ ತೊಟ್ಟು, ಒಂದೊಂದು ಕಡೆಯೂ ಥರ್ಮಾಮೀಟರ್ ಹಿಡಿದು ಪುಸ್ತಕದಲ್ಲಿ ಅಂಕಿ ಬರೆಯುತ್ತಾಳೆ. ಎಲ್ಲರೂ ಅವಳನ್ನು ಕರೆಯುವುದು ಚಳಿಯಮ್ಮ ಎಂದೇ. ಆ ಪುಸ್ತಕವನ್ನು ತೆರೆದು ನೋಡಿದ ಪುಣ್ಯಾತ್ಮ ಮಾತ್ರ ಒಬ್ಬನೂ ಇಲ್ಲ.

ಈ ಸಲ ಹೊರಗೆ ಹೋದ ಮೂಟೆಗಳು ಚಳಿ ಸಾಲದೆ ಅಕಾಲದಲ್ಲಿ ಮೊಳಕೆಯೊಡೆದಿದ್ದವು. ಅವು ಯಾವ ಸಾಲಿನವು ಎಂದು ಯಾರಿಗೂ ಗೊತ್ತಿಲ್ಲ. ಮ್ಯಾನೇಜರ್ ತಪ್ಪನ್ನು ದೊಡ್ಡಮ್ಮನ ತಲೆಗೇ ಕಟ್ಟಿದ.

"ಬಾಗಿಲು ತೆರೆದಿಟ್ಟು ಓಡಾಡ್ತೀರಿ. ಸೋಮವಾರದಿಂದ ಬರೋದು ಬೇಡ."

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಕೋಪ ನೆತ್ತಿಗೇರಿತು. ಪುಸ್ತಕದಿಂದ ಒಂದೊಂದು ಜಾಗದ ತಿಂಗಳ ಸರಾಸರಿ ತೆಗೆದು, ಲ್ಯಾಪ್‌ಟಾಪ್ ಹಿಡಿದು, ದೊಡ್ಡಮ್ಮನನ್ನೂ ಕರೆದುಕೊಂಡು ಅವನ ಕೋಣೆಗೇ ಹೋದೆ. ಪೈಥಾನ್‌ನಲ್ಲಿ ನಾಲ್ಕೇ ಸಾಲಿನ ಪ್ರೋಗ್ರಾಂ ಬರೆದೆ: ಅಂಕಿಗೊಂದು ಚೌಕ, ತಣ್ಣಗಿದ್ದರೆ ನೀಲಿ, ಬೆಚ್ಚಗಾದಷ್ಟೂ ಕೆಂಪು.

ಚಿತ್ರ ಮೂಡಿದಾಗ ನನ್ನ ಮೈ ಜುಮ್ಮೆಂದಿತು. ಇನ್ನೂರ ನಲವತ್ತು ಒಣ ಅಂಕಿಗಳು ಒಂದು ನೆಲವಾಗಿ ಹಾಸಿಕೊಂಡಿದ್ದವು. ಎಲ್ಲ ಕಡೆ ನೀಲಿ, ಕೆಳಗಿನ ಅಂಚಿನಲ್ಲಿ ಮಾತ್ರ ಕೆಂಪು.

ಗೋಡೆಯ ಮೇಲಿದ್ದ ಕಟ್ಟಡದ ನಕ್ಷೆಯಲ್ಲಿ ಕೆಳಗಿರುವುದು ಬಾಗಿಲು. ಮ್ಯಾನೇಜರ್ ನಕ್ಕ. "ನೋಡಿದ್ರಾ? ನಿಮ್ಮ ಮಗಳೇ ಸಾಕ್ಷಿ ಹೇಳಿದ್ಲು."

ಕೈಯಾರೆ ದೊಡ್ಡಮ್ಮನ ಅನ್ನಕ್ಕೆ ಕಲ್ಲು ಹಾಕಿದ್ದೆ.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಚಿತ್ರದ ಮೇಲಂಚಿನ ಮೇಲೆ ಬೆರಳಿಟ್ಟಳು.

"ಬಾಗಿಲು ಇಲ್ಲಿದೆ ಕಣೇ. ಒಳಗೆ ಕಾಲಿಟ್ಟ ತಕ್ಷಣ ನಾನು ಬರೆಯೋದೇ ಮೊದಲನೇ ಸಾಲು. ನೀನು ಅದನ್ನ ಮೇಲೆ ಕೂರಿಸಿದ್ದೀಯ."

ಹೌದಲ್ಲ! ಹೇಳದಿದ್ದರೆ ಪ್ರೋಗ್ರಾಂ ಮೊದಲ ಸಾಲನ್ನು ಮೇಲೆಯೇ ಬಿಡಿಸುತ್ತದೆ. ಈ ತಪ್ಪಿಗೆ ವಿದ್ಯಾರ್ಥಿಗಳನ್ನು ವರ್ಷವಿಡೀ ಬೈಯುವವಳು ನಾನೇ. ಕೆಳಗಿನಿಂದ ಶುರುಮಾಡು ಎನ್ನುವ ಒಂದು ಪದ ಸೇರಿಸಿದೆ. ಚಿತ್ರ ಮಗುಚಿ, ಕೆಂಪು ಮೇಲೆ ಹೋಗಿ ಹಿಂದಿನ ಗೋಡೆಗೆ ಅಂಟಿಕೊಂಡಿತು.

ಆ ಗೋಡೆಯ ತಗಡು ಬಿಚ್ಚಿಸಿದರು. ಒಳಗೆ ಬಿಸಿ ತಡೆಯುವ ಥರ್ಮೋಕೋಲನ್ನು ಇಲಿಗಳು ಪೂರ್ತಿ ಟೊಳ್ಳು ಮಾಡಿದ್ದವು. ಹೊರಗಿನ ಬಿಸಿಲು ಬಿರುಕಿನಿಂದ ಇಣುಕುತ್ತಿತ್ತು.

"ಸೋಮವಾರ ಎಂದಿನ ಹಾಗೆ ಬನ್ನಿ," ಎಂದ ಮ್ಯಾನೇಜರ್ ಕೋಣೆಗೆ ಮರಳಿ, ನೆಲ ನೋಡುತ್ತ.

ದೊಡ್ಡಮ್ಮನ ಕಿವಿಗೆ ಅದು ಬಿದ್ದಂತಿರಲಿಲ್ಲ. ಅವಳು ಪರದೆಯ ನೀಲಿಯ ಮೇಲೆ ಸಾಲುಸಾಲಾಗಿ ಬೆರಳಾಡಿಸುತ್ತಿದ್ದಳು.

"ಇಷ್ಟು ವರ್ಷ ಇದರೊಳಗೇ ನಡೆದಿದ್ದೀನಿ," ಎಂದಳು. "ಇಷ್ಟು ಚೆಂದ ಇದೆ ಅಂತ ಯಾರೂ ಹೇಳಲೇ ಇಲ್ಲ ನೋಡು."